ಎಮ್ಮೆಯನ್ನು ನಂಬಿದ ಹಗೇವು

ಗೌರಿ, ಶಿವು, ಮೊನ್ನೆ ನೀವಿಬ್ಬರೂ ಜಗಳವಾಡುತ್ತಾ ಬಂದು, "ಒಬ್ರಿಗೆ ತಲೆ ಓಡ್ತದೆ, ಇನ್ನೊಬ್ರಿಗೆ ಯಾಕಜ್ಜಿ ಓಡದಿಲ್ಲ?" ಎಂದು ಕೇಳಿದಿರಿ. ನಾನು ನಕ್ಕು ಒಳಗೆ ಹೋದೆ. ಯಾರಾದರೂ ಎದುರು ಕೂತು ಕೇಳಿದರೆ ನನ್ನ ಮಾತು ಗಂಟಲಲ್ಲೇ ನಿಂತುಬಿಡುತ್ತದೆ, ಮೊಮ್ಮಕ್ಕಳಾದರೂ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅನುಮಾನ ಏನೆಂದರೆ, ತಲೆ ಎಲ್ಲರಿಗೂ ನೆಟ್ಟಗೇ ಓಡುತ್ತದೆ. ಓಡಲು ಹೊರಡುವ ಜಾಗದಲ್ಲೇ ಎಡವಟ್ಟು.

ನಿಮ್ಮ ತಾತನನ್ನೇ ನೋಡಿ. ಕಾರಣವಿಲ್ಲದೆ ಚಪ್ಪಲಿಯನ್ನೂ ಬಿಡದ ಮನುಷ್ಯ. ನಿಮ್ಮಪ್ಪ ಅಂಬೆಗಾಲಿಡುತ್ತಿದ್ದ ವರ್ಷ ಪಣಕಹಳ್ಳಿಯ ನಮ್ಮ ಹಿತ್ತಿಲಲ್ಲಿ ತಾವೇ ಹೊಸ ಹಗೇವು ತೋಡಿದರು. ನೆಲದೊಳಗೆ ಗುಡಾಣದಂಥ ಗುಂಡಿ. ಅದರ ತುಂಬ ರಾಗಿ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಅದನ್ನು ತೋಡಿ ತುಂಬುವಾಗ ಅತ್ತೆ, ನಾದಿನಿ ಮಾದೇವಿ, ನಾನು ಮೂವರೂ ಜೀರಹಳ್ಳಿಯಲ್ಲಿ ನನ್ನ ತವರಿನಲ್ಲಿದ್ದೆವು. ಎಲ್ಲರೂ ಬಾಯಿಯ ಮೇಲೆ ಒಂದು ಗುರುತಿನ ಕಲ್ಲು ಇಡುತ್ತಾರೆ. ಇವರು ಇಡಲಿಲ್ಲ. ನಮಗೆ ಕಾಣುವ ಗುರುತು ಕಳ್ಳನಿಗೂ ಕಾಣುತ್ತದಲ್ಲ? ಬಾಯಿಯ ಮೇಲೆ ಗೂಟ ಹೊಡೆದು ಎಮ್ಮೆ ಕಟ್ಟಿದರು. ಗುಟ್ಟು ಗುಟ್ಟಾಗಿಯೇ ಇರಲೆಂದು ಮನೆಯವರಿಗೂ ಹೇಳಲಿಲ್ಲ.

ಬೇಸಿಗೆಯಲ್ಲಿ ಮಾದೇವಿಯನ್ನು ನೋಡಲು ಗೆಟ್ಟವಾಡಿಯವರು ಬರುತ್ತೇವೆಂದರು. ಅದಕ್ಕೆ ಮುಂಚೆ ಎರಡು ಕಡೆಯವರು ನೋಡಿ ಹೋದವರು ತಿರುಗಿ ಬಂದಿರಲಿಲ್ಲ. ಇದೂ ತಪ್ಪಿದರೆ ಎಂದು ಆ ಹುಡುಗಿ ಊಟ ಬಿಟ್ಟಿತ್ತು. ಮನೆಯಲ್ಲಿ ರಾಗಿ ಮುಗಿದಿತ್ತು. ಹಗೇವನ್ನು ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಬೇಕು. ಹಿಂದಿನ ದಿನವೇ ತಾತ ಎಮ್ಮೆಯನ್ನು ಎಬ್ಬಿಸಿ ಅಗೆದರು. ಏನೂ ಇಲ್ಲ. ಪಕ್ಕದಲ್ಲಿ ಅಗೆದರು. ಅಲ್ಲೂ ಇಲ್ಲ.

"ಏನ್ಲಾ, ಬಾವಿ ತೋಡ್ತಿದ್ದೀಯಾ?" ಎಂದರು ಅತ್ತೆ.

"ಅಗೇವು ಕಣವ್ವ. ಎಮ್ಮೆ ಕೆಳಗೇ ಇರ್ಬೇಕು."

"ನೆಳ್ಳು ಅತ್ಲಾಗ್ ಓದಂಗೆಲ್ಲ ನಾನೇ ಗೂಟ ಕಿತ್ತು ಕಟ್ತಾ ಬಂದಿವ್ನಿ. ಬಿಸ್ಲಲ್ಲಿ ಸಾಯಾಕ್ ಬುಡ್ಲಾ?"

ತಾತ ಮತ್ತೆ ಗುದ್ದಲಿ ಎತ್ತಿದರು. ಆಮೇಲೆ ಎಮ್ಮೆ ಎಲ್ಲೆಲ್ಲಿ ಮಲಗಿರಬಹುದೆಂದು ಯೋಚಿಸಿ ಯೋಚಿಸಿ ಅಗೆದರು. ನಾನು ಮಂಕರಿಯಲ್ಲಿ ಮಣ್ಣು ಹೊತ್ತು ಮೂಲೆಗೆ ಸುರಿದೆ. ಹಿತ್ತಿಲೆಲ್ಲ ಗುಂಡಿ. ಎಮ್ಮೆ ಮಾತ್ರ ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿತ್ತು.

ಮಾರನೆಯ ದಿನ ಗೆಟ್ಟವಾಡಿಯವರು ಬಂದಾಗ ಪಕ್ಕದ ಮನೆಯ ಹಿಟ್ಟು ತಂದು ಮುದ್ದೆ ಮಾಡಿದೆವು. ಊಟವಾಗಿ ಕೈ ತೊಳೆಯಲು ಹುಡುಗನ ಅಪ್ಪ ಹಿತ್ತಿಲಿಗೆ ಹೋಗಿ ಹಾಗೇ ನಿಂತರು. ಬಾಗಿಲ ಸಂದಿಯಲ್ಲಿ ಮಾದೇವಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಇಷ್ಟೊಂದ್ ಅಗೇವಾ? ಎಲ್ಲಾನೂ ಗಾಳಿಗ್ ಬುಟ್ಟಿದ್ದೀರಾ?"

"ಅಗೇವಲ್ಲ, ಬರೀ ಗುಂಡಿ," ಎಂದರು ತಾತ. ಸುಳ್ಳು ಅವರಿಗೆ ಬರುತ್ತಿರಲಿಲ್ಲ.

ಹುಡುಗನ ಅಪ್ಪ ತಾತನ ಹೆಗಲು ತಟ್ಟಿದರು. "ಇಲ್ದೋನಾಗಿದ್ರೆ ಅದೆ ಅಂತ ಬಡಾಯಿ ಕೊಚ್ಕೊತಿದ್ದ. ನೀನು ಇಲ್ಲ ಅಂತೀಯ. ಅಂದ್ಮೇಲೆ ಅದೆ."

"ನಿಜವಾಗ್ಲೂ ಇಲ್ಲ ಕಣಣ್ಣ."

"ನೋಡ್ದಾ, ಇನ್ನೂ ಜಾಸ್ತಿ ಅದೆ."

ತರ್ಕದಲ್ಲಿ ತಾತ ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಲ್ಲೇ ನಿಂತು ವೀಳ್ಯ ಬದಲಾಯಿಸಿದರು. ಮಾದೇವಿ ನಗುವನ್ನು ತಡೆಯಲಾಗದೆ ನನ್ನ ಸೆರಗನ್ನು ತನ್ನ ಬಾಯಿಗೆ ತುರುಕಿಕೊಂಡಳು. ಮದುವೆಯಾಗಿ ಗೆಟ್ಟವಾಡಿಗೆ ಹೋದವಳು ಗಂಡನಿಗೆ ಎಲ್ಲ ಹೇಳಿದಳಂತೆ. ಅವನು ನಂಬಲಿಲ್ಲ, ಅಪ್ಪನ ಮಗನೇ ತಾನೆ.

ಹಗೇವು ಏನಾಯಿತೆಂದು ಕೇಳುತ್ತೀರಿ. ಬೀಗರು ಹೋದ ಮೇಲೆ ಗುಂಡಿ ಮುಚ್ಚಲು ಮಣ್ಣು ಎಳೆದೆವು. ನಾನು ಮೂಲೆಯಲ್ಲಿ ಸುರಿದ ಗುಡ್ಡೆ ಕರಗಿ ಗುದ್ದಲಿ ನೆಲ ಕೆರೆದಾಗ, ಅದರ ಅಡಿಯಲ್ಲೇ ಚಪ್ಪಡಿ ಕಂಡಿತು. ತಾತ ನನ್ನ ಮುಖ ನೋಡಿದರು. ನಾನು ಮುಖಕ್ಕೆ ಸೆರಗು ಎಳೆದುಕೊಂಡೆ. ಮಣ್ಣು ಸುರಿಯುವಾಗ ನಾನೂ ತಲೆ ಓಡಿಸಿಯೇ ಜಾಗ ಆರಿಸಿದ್ದೆ: ಇಷ್ಟು ಬುದ್ಧಿವಂತರು ಈ ಮೂಲೆಯನ್ನು ಅಗೆದಿಲ್ಲವೆಂದರೆ ಇಲ್ಲಿ ಹಗೇವು ಇರಲಾರದು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎಲ್ಲಿಟ್ಟಿರೆಂಬ ಗುರುತನ್ನು ಮಾತ್ರ ಎಮ್ಮೆಗೂ ಒಪ್ಪಿಸಬೇಡಿ, ನಿಮ್ಮ ಅಜ್ಜಿಗೂ ಒಪ್ಪಿಸಬೇಡಿ.