ಮೂರು ಹೇಂಟೆ, ಮೂರು ಹರಕೆ

ಲೀಲಾಧರನ ಕಷ್ಟ ಶುರುವಾದದ್ದು ಒಂದು ಕಟ್ಟು ಒಣ ರೊಟ್ಟಿಯಿಂದ. ಎಂಬತ್ತೊಂದರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವನ ಹೆಂಡತಿಯ ಅಣ್ಣ ಪ್ರೇಮನಾಥ ಡೊಂಬಿವಲಿಯ ಆ ನೆಲಮಹಡಿಯ ಮನೆಗೆ ಬಂದವನೇ ರೊಟ್ಟಿಯ ಕಟ್ಟನ್ನು ತಂಗಿಯ ಕೈಗಿತ್ತು, ಕತ್ತು ಉದ್ದ ಮಾಡಿ ಹಿತ್ತಿಲ ಕಡೆ ನೋಡಿದ.

"ರೊಟ್ಟಿ ನಾನು ತಂದೆ. ಕೋಳಿ ನಿಮ್ಮದು, ಭಾವ" ಎಂದ.

ಅವನದು ನ್ಯಾಯವಾದ ಮಾತೇ. ಮಂಗಳೂರಿನ ಕಡೆಯವರಿಗೆ ಕೋರಿ ರೊಟ್ಟಿ ಅಂದರೆ ಕೋಳಿ ಸಾರು ಇಲ್ಲದೆ ಆಗುವಂಥದ್ದಲ್ಲ. ಅದೂ ಅಲ್ಲದೆ ಲೀಲಾಧರನನ್ನು ಊರಿನಿಂದ ಕರೆತಂದು, ಠಾಣೆಯ ಬಣ್ಣದ ಕಾರ್ಖಾನೆಯಲ್ಲಿ ಕ್ಲಾರ್ಕ್ ಮಾಡಿಸಿದವನು ಇದೇ ಪ್ರೇಮನಾಥ. ಕಲ್ಯಾಣದಲ್ಲಿ ಹೊಟೇಲು ಇಟ್ಟವನು, ಅಂದು ಸಂಜೆ ಮುಂಬಯಿಯ ಸಾಯನ್‌ನಿಂದ ಬಸ್ಸು ಹತ್ತಿ ಊರಿಗೆ ಹೊರಟಿದ್ದ. ಅಂಥವನಿಗೆ ಒಂದು ಕೋಳಿ ಇಲ್ಲ ಅನ್ನುವುದು ಹೇಗೆ?

ಆದರೆ ಲೀಲಾಧರನಿಗೆ ಅನ್ನಲೇಬೇಕಿತ್ತು. ಎರಡು ಚಾಪೆ ಹಾಸುವಷ್ಟು ಹಿತ್ತಿಲಿನಲ್ಲಿ ಅವನ ಮೂರು ಹೇಂಟೆಗಳಿದ್ದವು. ಬಿಳಿಯದು ಬೊಳ್ಳಿ, ಕಪ್ಪಿನದು ಕರಿಯಕ್ಕ, ಮೈತುಂಬ ಚುಕ್ಕಿಯಿದ್ದದ್ದು ಚುಕ್ಕಿ. ಬೆಳಿಗ್ಗೆ ಎಂಟು ಹತ್ತರ ಲೋಕಲ್ಲಿಗೆ ಓಡುವ ಮುಂಚೆ ಅಂಗೈಯಲ್ಲಿ ನುಚ್ಚಕ್ಕಿ ಹಿಡಿದು ಮೂವರನ್ನೂ ಮಾತಾಡಿಸದಿದ್ದರೆ ಅವನಿಗೆ ಆಫೀಸಿನಲ್ಲಿ ಲೆಕ್ಕ ತಪ್ಪುತ್ತಿತ್ತು. ಹಾಗೆಂದು ಅವನೇನೂ ಸಸ್ಯಾಹಾರಿಯಲ್ಲ. ಬೇರೆಯವರ ಕೋಳಿಯಾದರೆ ಎಲುಬನ್ನೂ ಬಿಡುತ್ತಿರಲಿಲ್ಲ.

"ಆ ಬಿಳೀದು ಒಳ್ಳೆ ಮೈಕೈ ತುಂಬಿಕೊಂಡುಂಟು" ಎಂದ ಪ್ರೇಮನಾಥ, ಹಿತ್ತಿಲ ಮೆಟ್ಟಿಲ ಮೇಲೆ ಕೂತು.

"ಅದು ಆಗ್ಲಿಕ್ಕಿಲ್ಲ ಭಾವ" ಎಂದುಬಿಟ್ಟ ಲೀಲಾಧರ. ಯಾಕೆ ಅನ್ನುವ ಪ್ರಶ್ನೆ ಬರುವ ಮೊದಲೇ ಬಾಯಿ ತಾನಾಗಿ ಮುಂದುವರಿಯಿತು. "ಅದು ಹರಕೆಯದ್ದು. ಊರಿನ ದೈವಕ್ಕೆ. ನನಗೆ ಕಿಡ್ನಿಯಲ್ಲಿ ಕಲ್ಲು ಆಗಿತ್ತಲ್ಲ, ಆಗ ಹೇಳಿಕೊಂಡದ್ದು."

ಹರಕೆ ಎಂದದ್ದೇ ಪ್ರೇಮನಾಥ ಚಪ್ಪಲಿ ಬಿಟ್ಟು ಎದ್ದು ನಿಂತ. ಬೊಳ್ಳಿಗೊಂದು ಕೈಮುಗಿದ. ಆಮೇಲೆ ಹುಬ್ಬು ಗಂಟಿಕ್ಕಿದ. "ಹೇಂಟೆಯಾ? ಹುಂಜ ಅಲ್ವಾ ಕೊಡೋದು?"

"ಹುಂಜ ಕೂಗಿದ್ರೆ ಸೊಸೈಟಿಯವರು ಬಿಡ್ತಾರಾ ಭಾವ? ಅದಕ್ಕೇ ಹೇಂಟೆ ಅಂತ್ಲೇ ಹೇಳಿಕೊಂಡದ್ದು."

"ಅದು ಸರಿ. ಹಾಗಾದ್ರೆ ಆ ಕಪ್ಪಿಂದು ಆದೀತು."

ಒಂದು ಸುಳ್ಳು ಹೇಳಿ ಬದುಕಿದವನಿಗೆ ಎರಡನೆಯದು ಸಲೀಸು. "ಅದೂ ಹರಕೆಯದ್ದೇ. ಈ ಮನೆ ಸಿಗ್ಲಿ ಅಂತ. ಸೊಸೈಟಿಯವರು ಚೀಟಿ ಎತ್ತಿದ್ರಲ್ಲ, ಆವತ್ತು."

ಒಳಗೆ ವಿನೋದಾಳ ಕೈಯಿಂದ ಸೌಟು ಠಣ್ ಎಂದು ಬಿತ್ತು. ಗಂಡನ ಸುಳ್ಳು ಕೇಳಿ ನಗು ತಡೆಯಲಾಗದೆ ಬೀಳಿಸಿದಳು ಎಂದುಕೊಂಡ ಲೀಲಾಧರ.

"ಮತ್ತೆ ಆ ಚುಕ್ಕಿಯದ್ದು?" ಪ್ರೇಮನಾಥನ ದನಿಯಲ್ಲಿ ಈಗ ಸಣ್ಣ ಅನುಮಾನವಿತ್ತು. "ಅದೂ ಹರಕೆಯಾ? ಎಂತ ಭಾವ, ನಿಮಗೆ ಅಷ್ಟೆಲ್ಲ ಕಷ್ಟ ಬಂದದ್ದು ಯಾವಾಗ?"

ಲೀಲಾಧರ ತಲೆ ಕೆರೆದ. ತನ್ನ ಬದುಕಿನಲ್ಲಿ ಮೂರನೆಯ ಕಷ್ಟವೊಂದು ಬೇಕೆಂದಾಗ ಸಿಗಲೊಲ್ಲದು. ಎದುರಿಗೆ ನಿಂತ ಭಾವನ ಮುಖವೇ ಕಂಡಿತು. "ನನಗಲ್ಲ ಭಾವ, ನಿಮಗೆ. ಎರಡು ವರ್ಷದ ಹಿಂದೆ ನಿಮಗೆ ಕಾಮಾಲೆ ಆಗಿತ್ತಲ್ಲ... ಭಾವ ಎದ್ದು ಓಡಾಡಿದ್ರೆ ಒಂದು ಕೋಳಿ ಕೊಡ್ತೇನೆ ಅಂತ ಹೇಳಿಕೊಂಡಿದ್ದೆ."

ಪ್ರೇಮನಾಥನ ಕಣ್ಣು ತುಂಬಿ ಬಂತು. ಹತ್ತು ವರ್ಷದ ಸಂಬಂಧದಲ್ಲಿ ಮೊದಲ ಸಲ ಅವನು ತಂಗಿಯ ಗಂಡನನ್ನು ತಬ್ಬಿಕೊಂಡ. ಲೀಲಾಧರನಿಗೆ ನಾಚಿಕೆಯಾಯಿತು. ಆದರೂ ಭಾವನ ಭುಜದ ಮೇಲಿನಿಂದ ಮೂರು ಹೇಂಟೆಗಳೂ ಮಣ್ಣು ಕೆದರುತ್ತಿರುವುದು ಕಂಡು ಜೀವ ತಂಪಾಯಿತು.

ಆ ತಂಪು ಎರಡು ನಿಮಿಷ ಉಳಿಯಿತು.

"ಛೇ ಛೇ! ನಿಮಗೆ ಬುದ್ಧಿ ಉಂಟಾ ಭಾವ?" ತಬ್ಬಿದ ಕೈ ಬಿಟ್ಟು ಪ್ರೇಮನಾಥ ಗದರಿದ. "ಹರಕೆ ಹೇಳಿಕೊಂಡು ಎರಡು ವರ್ಷ ಇಟ್ಕೊಳ್ಳೋದಾ? ಅದಕ್ಕೇ ನನ್ನ ಹೊಟೇಲಿನ ಬಾಯ್ಲರ್ ಎರಡು ಸಲ ಒಡೆದದ್ದು! ನಾನು ಹೇಗೂ ಇವತ್ತು ಊರಿಗೆ ಹೋಗ್ತೇನೆ. ಮೂರನ್ನೂ ತಗೊಂಡು ಹೋಗಿ ಒಪ್ಪಿಸಿಬಿಡ್ತೇನೆ."

"ಬೇಡ ಭಾವ, ನಾನೇ ದೀಪಾವಳಿಗೆ..."

"ದೀಪಾವಳಿವರೆಗೆ ನನಗೆ ಇನ್ನೆಂತ ಆಗ್ಬೇಕು ಅಂತ?"

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ರಮಾಕಾಂತ ಬೇಲಿಯ ಹತ್ತಿರ ಬಂದು ನಿಂತ. ರತ್ನಾಗಿರಿಯ ಕಡೆಯವನು. ತನ್ನ ಮಲ್ಲಿಗೆ ಗಿಡದ ಬುಡ ಕೆದರಿದ ಕೋಳಿ ಯಾವುದು ಎಂದು ಕೇಳಲು ಬಂದವನು. ಇದೇ ಸಮಯ ಎಂದು ಲೀಲಾಧರ ಅವನ ಜತೆ ಜಗಳಕ್ಕೆ ನಿಲ್ಲುವ ಮೊದಲೇ ಪ್ರೇಮನಾಥ ಹೊಟೇಲಿನ ಮರಾಠಿಯಲ್ಲಿ ಎಲ್ಲ ವಿವರಿಸಿಬಿಟ್ಟ.

"ಅರೇ ದೇವಾ! ನವಸಾಚಿ ಕೋಂಬಡಿ!" ರಮಾಕಾಂತ ಎರಡೂ ಕೆನ್ನೆ ಬಡಿದುಕೊಂಡ. ಕೊಂಕಣದಲ್ಲೂ ಹರಕೆಯ ಕೋಳಿ ಅಂದರೆ ಆಟವಲ್ಲ. ಈ ಬೇಸಗೆಯಲ್ಲಿ ಸೊಸೈಟಿಯ ನೀರಿನ ಪಂಪು ಮೂರು ಸಲ ಕೆಟ್ಟದ್ದು ಯಾಕೆಂದು ಅವನಿಗೆ ಆಗಲೇ ಹೊಳೆಯಿತು. ಕೋಳಿ ಮೂರು, ಪಂಪು ಕೆಟ್ಟದ್ದೂ ಮೂರು ಸಲ. "ಲೀಲಾಧರ್, ಇವತ್ತೇ ಹೋಗಬೇಕು ಇವು. ಇಪ್ಪತ್ತು ಮನೆಯವರ ನೀರಿನ ಪ್ರಶ್ನೆ" ಎಂದು ಮರಾಠಿಯಲ್ಲಿ ಕಟ್ಟಪ್ಪಣೆ ಮಾಡಿ, ವಾಚ್‌ಮನ್ ಚಂದ್ರಾಮನನ್ನು ಕೂಗಿ ಕರೆದ.

ಕಲಬುರಗಿಯ ಚಂದ್ರಾಮ ಗೇಟಿನ ಪಕ್ಕದ ಖೋಲಿಯಿಂದ ಮುಚ್ಚಳವಿರುವ ದೊಡ್ಡ ಬಿದಿರು ಬುಟ್ಟಿಯೊಂದನ್ನು ಹೊತ್ತೇ ಬಂದ. "ಹರಕಿ ಇಟ್ಕೊಂಡು ಕುಂದರಬಾರದರಿ ಸಾಹೇಬ್ರ. ನಮ್ಮೂರಾಗ ಒಬ್ಬಾಂವ ಹಿಂಗೇ ಮಾಡಿ ಬಾಯಿ ಸೊಟ್ಟ ಮಾಡ್ಕೊಂಡಾನ" ಎಂದು ಸಮಾಧಾನ ಹೇಳಿದ.

ಮಧ್ಯಾಹ್ನ ರೊಟ್ಟಿಗೆ ಬದನೆಕಾಯಿ ಸಾರು. ಪ್ರೇಮನಾಥ ವ್ರತದ ಊಟದ ಹಾಗೆ ಭಕ್ತಿಯಿಂದ ಉಂಡು ಚಾಪೆಯ ಮೇಲೆ ಅಡ್ಡಾದ. ವಿನೋದಾ ಗಂಡನ ತಟ್ಟೆಗೆ ಎರಡು ಸಲ ಉಪ್ಪು ಬಡಿಸಿದಳು.

ಭಾವನ ಗೊರಕೆ ಶುರುವಾದದ್ದೇ ಲೀಲಾಧರ ಮೆಲ್ಲಗೆ ಹಿತ್ತಿಲಿಗೆ ಹೋಗಿ ಬೇಲಿಯ ಬಾಗಿಲು ತೆಗೆದ. "ಹೋಗಿ ಮಾರಾಯ್ತಿಯರೇ, ಎಲ್ಲಾದರೂ ಓಡಿ ಬದುಕಿಕೊಳ್ಳಿ" ಎಂದು ಅಂಗಲಾಚಿದ. ಕೈ ಬೀಸಿದ. ಕಾಲಿನಿಂದ ಮೆತ್ತಗೆ ನೂಕಿದ. ಹೊತ್ತಲ್ಲದ ಹೊತ್ತಿನಲ್ಲಿ ನುಚ್ಚಕ್ಕಿ ಸಿಗುತ್ತದೆ ಎಂಬ ಖುಷಿಯಲ್ಲಿ ಮೂರೂ ಅವನ ಕಾಲಿಗೇ ಸುತ್ತಿಕೊಂಡವು. ಅವನು ಹತ್ತು ಹೆಜ್ಜೆ ಹೊರಗೆ ಹೋದರೆ ಅವೂ ಹತ್ತು ಹೆಜ್ಜೆ ಬಂದವು. ಅವನು ಓಡಿದರೆ ಅವೂ ಓಡಿದವು. ಸೊಸೈಟಿಯ ಕಟ್ಟಡವನ್ನು ಒಂದು ಸುತ್ತು ಹಾಕಿ, ಬೆವರು ಸುರಿಸುತ್ತ ಮತ್ತೆ ಹಿತ್ತಿಲಿಗೆ ಬಂದಾಗ ಹಿಂದೆ ಮೂರು ಹೇಂಟೆಗಳು, ಎದುರಿಗೆ ಬುಟ್ಟಿ ಹಿಡಿದ ಚಂದ್ರಾಮ.

"ನೀವೇ ಹಿಡಿದು ಹಾಕ್ರಿ ಸಾಹೇಬ್ರ. ನಿಮ್ಮ ಕೈಯಾಗಾದ್ರ ಚೀರಂಗಿಲ್ಲ ಅವು" ಎಂದ ಅವನು.

ಹೌದು, ಚೀರಲಿಲ್ಲ. ಒಂದೊಂದನ್ನೇ ಎದೆಗೆ ಒತ್ತಿ ಹಿಡಿದು ಬುಟ್ಟಿಗೆ ಬಿಡುವಾಗ ಚೀರುವಂತಾದದ್ದು ಲೀಲಾಧರನಿಗೇ.

ಮೂರೂವರೆಗೆ ಎಲ್ಲರೂ ಡೊಂಬಿವಲಿ ಸ್ಟೇಷನ್ನಿನಲ್ಲಿದ್ದರು. ಲಗೇಜು ಡಬ್ಬಿ ನಿಲ್ಲುವ ಜಾಗದಲ್ಲಿ ಚಂದ್ರಾಮ ಬುಟ್ಟಿ ಇಳಿಸಿದ. ಒಳಗಿನಿಂದ ಬೊಳ್ಳಿ ಕ್ಲೊಕ್ ಎಂದಿತು. ಅಷ್ಟೇ, ಲೀಲಾಧರನ ಕಟ್ಟೆ ಒಡೆಯಿತು.

"ಭಾವ, ಸುಳ್ಳು! ಮೂರೂ ಸುಳ್ಳು. ಹರಕೆಯೂ ಇಲ್ಲ, ಮಣ್ಣೂ ಇಲ್ಲ. ಕೊಯ್ಲಿಕ್ಕೆ ಮನಸ್ಸು ಬಾರದೆ ಬಾಯಿಗೆ ಬಂದದ್ದು ಹೇಳಿದೆ. ನಿಮ್ಮ ದಮ್ಮಯ್ಯ, ಅವನ್ನು ಬಿಟ್ಟು ಹೋಗಿ!"

ಪ್ರೇಮನಾಥ ದಂಗಾಗಿ ನಿಂತ. ತಾನು ಕಾಮಾಲೆಯಿಂದ ಎದ್ದದ್ದು ಬರೀ ಡಾಕ್ಟರನ ಮದ್ದಿನಿಂದ ಎಂದು ತಿಳಿದು ಅವನ ಮುಖ ಕಪ್ಪಿಟ್ಟಿತು. ಆದರೂ ಬುಟ್ಟಿಯ ಹಿಡಿಯ ಮೇಲಿದ್ದ ಕೈ ಸಡಿಲಾಯಿತು. ಲೀಲಾಧರ ಬಗ್ಗಿ ಬುಟ್ಟಿಗೆ ಕೈಹಾಕಿದ.

"ಮುಟ್ಟಬೇಡಿ" ಎಂದಳು ವಿನೋದಾ.

ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. ಅವಳು ಅಳುತ್ತಿದ್ದಳು.

"ಸುಳ್ಳಲ್ಲ ಅಣ್ಣ. ಚೀಟಿ ಎತ್ತುವ ದಿನ ನಾನೇ ಹೇಳಿಕೊಂಡಿದ್ದೆ, ಹಿತ್ತಿಲು ಇರುವ ಮನೆ ಬಂದ್ರೆ ಮೂರು ಕೋಳಿ ಕೊಡ್ತೇನೆ ಅಂತ. ಇವರು ಮರಿ ತಂದಾಗ, ಇವನ್ನೇ ಕೊಟ್ಟರಾಯ್ತು ಅಂದ್ಕೊಂಡೆ. ಆಮೇಲೆ ಇವರು ಅವುಗಳ ಜತೆ ಮಾತಾಡೋದು ನೋಡಿ ಹೇಳ್ಲಿಕ್ಕೆ ಬಾಯೇ ಬರ್ಲಿಲ್ಲ. ಬೆಳಿಗ್ಗೆ ಇವರೇ ಮನೆಯ ಹರಕೆ ಅಂದಾಗ ನನ್ನ ಕೈಯಿಂದ ಸೌಟೇ ಬಿತ್ತು. ಯಾರಿಗೂ ಹೇಳದ್ದು ಇವರಿಗೆ ಹೇಗೆ ಗೊತ್ತಾಯ್ತು?"

"ಇವರು ಹೇಳಿದ್ದಲ್ಲ, ಹೇಳಿಸಿದ್ದು" ಎಂದು ಪ್ರೇಮನಾಥ ಆಕಾಶ ನೋಡಿ ಕೈಮುಗಿದ. ಚಂದ್ರಾಮನೂ ಮುಗಿದ. ಅಷ್ಟರಲ್ಲಿ ಗಾಡಿ ಬಂತು, ಬುಟ್ಟಿ ಒಳಗೆ ಹೋಯಿತು, ಅದರ ಹಿಂದೆ ಪ್ರೇಮನಾಥನೂ ಹೋದ.

ಬಾಗಿಲಿನ ಸರಳು ಹಿಡಿದು ನಿಂತವನಿಗೆ ಏನೋ ನೆನಪಾಯಿತು. "ಭಾವ, ಇವು ಮೂರೂ ವಿನೋದಾನ ಹರಕೆಗೆ ಆಯ್ತು. ನೀವು ದೈವದ ಹೆಸರಲ್ಲಿ ಮೂರು ಸುಳ್ಳು ಹೇಳಿದ್ರಲ್ಲ, ಅದಕ್ಕೆ ತಪ್ಪು ಕಾಣಿಕೆ ಬೇರೆ ಕೊಡ್ಬೇಕು. ಸುಳ್ಳಿಗೆ ಒಂದರಂತೆ ಮೂರು ಕೋಳಿ!"

ಗಾಡಿ ಹೊರಟಿತು. ಪ್ರೇಮನಾಥ ತಲೆ ಹೊರಗೆ ಹಾಕಿ ಕೂಗಿದ: "ಅಂಗಡಿಯದ್ದು ಆಗ್ಲಿಕ್ಕಿಲ್ಲ! ಸಾಕಿದ್ದೇ ಆಗ್ಬೇಕು, ನಿಮ್ಮ ಕೈಯಾರೆ ಸಾಕಿದ್ದು!"

ಗಾಡಿಯ ಕೊನೆಯ ಡಬ್ಬಿಯೂ ಕಾಣದಾಗುವವರೆಗೆ ಲೀಲಾಧರ ಅಲ್ಲೇ ನಿಂತಿದ್ದ. ಚಂದ್ರಾಮ ಹತ್ತಿರ ಬಂದು ಬೆನ್ನು ತಟ್ಟಿದ.

"ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ನಮ್ಮ ಕೋಳಿ ಕಾವಿಗಿ ಕುಂತದ. ಎಂಟು ದಿನದಾಗ ಮರಿ ಆಗ್ತಾವ. ಮೂರು ಚೆಂದನ್ನವು ನೋಡಿ ನಿಮಗೇ ಕೊಡ್ತೀನಿ."

ಲೀಲಾಧರ ಏನೋ ಹೇಳಲು ಬಾಯಿ ತೆರೆದ. ಇವತ್ತು ಬಾಯಿ ತೆರೆದದ್ದು ಇಷ್ಟೇ ಸಾಕು ಅನ್ನಿಸಿ ಮುಚ್ಚಿಕೊಂಡ.