ಕೊಳ ತಿಳಿಯಾದ ಮೇಲೆ

ನಿವೃತ್ತನಾದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯಬೇಕು, ಇಲ್ಲದಿದ್ದರೆ ಅವನ ಮನೆಯವರಿಗೆ ಹಿಡಿಯುತ್ತದೆ. ನನಗೆ ಹಿಡಿದದ್ದು ಮೀನಿನ ಹುಚ್ಚು. ಜಯಲಕ್ಷ್ಮಿಪುರಂನ ನಮ್ಮ ಮನೆಯ ಕೈತೋಟದಲ್ಲಿ, ಸಂಪಿಗೆ ಮರದ ಪಕ್ಕ ಒಂದು ಕೊಳ ಕಟ್ಟಿಸಿ ಬಣ್ಣದ ಮೀನು ಬಿಟ್ಟೆ. ಬಿಟ್ಟದ್ದು ನಿಜ, ಆಮೇಲೆ ಅವನ್ನು ಯಾರೂ ಸರಿಯಾಗಿ ಕಂಡಿಲ್ಲ. ಎಲೆ ಕೊಳೆತು, ಮೀನು ಗಲೀಜು ಮಾಡಿ, ನೀರು ರಾಗಿ ಅಂಬಲಿಯ ಹಾಗಾಯಿತು. ಬಂದ ನೆಂಟರಿಗೆ ‘ಅಗೋ ಅಲ್ಲಿ, ಕೇಸರಿ ಮೀನು’ ಎಂದು ತೋರಿಸುತ್ತಿದ್ದೆ. ಅವರು ಪಾಪ, ಮರ್ಯಾದೆಗೆ ತಲೆಯಾಡಿಸಿ ಕಾಫಿಗೆ ಒಳಗೆ ಹೋಗುತ್ತಿದ್ದರು. ಕೊನೆಗೆ ನನ್ನ ಹೆಂಡತಿ ವತ್ಸಲಾ ಕಡ್ಡಿ ಮುರಿದ ಹಾಗೆ ಹೇಳಿದಳು: “ನೋಡ್ರೀ, ದಸರಾಕ್ಕೆ ಗೊಂಬೆ ನೋಡೋಕೆ ಜನ ಬರ್ತಾರೆ. ಅಷ್ಟರೊಳಗೆ ಮೀನು ಕಂಡರೆ ಸರಿ. ಇಲ್ದಿದ್ರೆ ಮಣ್ಣು ತುಂಬಿಸಿ ಮಲ್ಲಿಗೆ ಹಾಕಿಸ್ತೀನಿ.” ಅವಳು ಹೇಳಿದ್ದನ್ನು ಮಾಡುವವಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮಂಡಿ ಮೊಹಲ್ಲಾದಲ್ಲಿ ಪಂಪು ಪೈಪು ಮಾರುವ ಅಂಗಡಿಯೊಂದಕ್ಕೆ ಓಡಿದೆ. ಅಂಗಡಿಯವರು ಡ್ರಮ್ ಫಿಲ್ಟರ್ ತೋರಿಸಿದರು. ಪೆಟ್ಟಿಗೆಯೊಳಗೆ ಉರುಳೆಯ ಆಕಾರದ ಜರಡಿ, ನೀರು ಅದರಲ್ಲಿ ಸೋಸಿಕೊಂಡು ಕೊಳಕ್ಕೆ ಮರಳುತ್ತದೆ. “ಜರಡಿ ಕಟ್ಟಿಕೊಂಡರೆ ಏನ್ರೀ ಗತಿ?” ಎಂದೆ.

“ನೀವ್ಯಾಕ್ ತಲೆ ಕೆಡಿಸ್ಕೊತೀರಿ ಬುಡಿ ಸಾರ್. ಕಟ್ಕೊಂಡ್ ತಕ್ಷಣ ಅದುಕ್ಕೇ ಗೊತ್ತಾಯ್ತದೆ. ಅಂಗೇ ತಿರ್ಗಿ, ನೀರ್ ಚಿಮ್ಸಿ ತೊಳ್ಕೊಂಬುಡ್ತದೆ. ಕೊಳೆ ಬೇರೆ ಪೈಪಲ್ಲಿ ಆಚೆಗೆ. ನಿಮ್ ಕೊಳ ಎಷ್ಟ್ ಲೀಟ್ರು?”

ನಾನು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವನು. ಚೌಕವೋ ವೃತ್ತವೋ ಆಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಆದರೆ ಕಟ್ಟಿಸುವಾಗ ಕಲಾರಸಿಕತೆ ಉಕ್ಕಿ, ಕೊಳಕ್ಕೆ ಗೋಡಂಬಿಯ ಆಕಾರ ಕೊಡಿಸಿದ್ದೆ. ಮನೆಗೆ ಬಂದು ಟೇಪು ಹಿಡಿದು ಸುತ್ತಲೂ ಬಗ್ಗಿ ಎದ್ದದ್ದೇ ಬಂತು, ಒಂದೊಂದು ಸಲಕ್ಕೆ ಒಂದೊಂದು ಉತ್ತರ. ಕೊನೆಗೆ ಎಲ್ಲಕ್ಕಿಂತ ದೊಡ್ಡ ಉತ್ತರಕ್ಕೆ ಹೊಂದುವ ಫಿಲ್ಟರನ್ನೇ ತಂದೆ.

“ಇದನ್ನ ತೊಳೆಯೋರು ಯಾರು?” ಎಂದು ವತ್ಸಲಾ ಕೇಳಿದಳು.

“ತನ್ನಷ್ಟಕ್ಕೆ ತಾನೇ ತೊಳ್ಕೊಳುತ್ತೆ ಕಣೇ.”

“ನಿಮ್ಮ ಕಾಫಿ ಲೋಟಾನೂ ಹಾಗಂದ್ಕೊಂಡೇ ಸಿಂಕಲ್ಲಿ ಕಾಯ್ತಾ ಕೂತಿರುತ್ತೆ.”

ಗೊಂಬೆ ಕೂರಿಸುವ ಹೊತ್ತಿಗೆ ನೀರು ತಿಳಿಯಾಯಿತು. ತಳದ ಬೆಣಚುಕಲ್ಲೂ ಕಂಡಿತು. ಕೇಸರಿ, ಬಿಳಿ, ಒಂದಂತೂ ಅಪ್ಪಟ ಬಂಗಾರ. ಸುಳ್ಳೇಕೆ ಹೇಳಲಿ, ಸಂತೋಷಕ್ಕೆ ಕಣ್ಣು ತುಂಬಿತು. ತಿಂಡಿಯ ಡಬ್ಬಿ ಹಿಡಿದು ಬಗ್ಗಿದೆ. ಬಗ್ಗಡದ ನೀರಿನಲ್ಲಿ ಕೈ ಅದ್ದಿದರೆ ಸಾಕು, ಬಂದು ಬೆರಳಿಗೆ ಮುತ್ತುತ್ತಿದ್ದ ಮೀನುಗಳು ಈಗ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದವು. ನೋಡಿದ್ದೇ ತಡ, ಅಷ್ಟೂ ಕಲ್ಲಿನ ಸಂದಿಗೆ ನುಗ್ಗಿದವು. ನಾನು ಇನ್ನಷ್ಟು ಬಗ್ಗಿ, ನಗುನಗುತ್ತಾ ಕರೆದೆ. ಆಗ ಬಾಲವೂ ಕಾಣದಾಯಿತು.

ವತ್ಸಲಾ ಡಬ್ಬಿ ಇಸಿದುಕೊಂಡು ದಡದಲ್ಲಿ ಕುಳಿತಳು. ಒಂದೊಂದಾಗಿ ಎಲ್ಲವೂ ಬಂದವು. “ಪಾಪ, ಇಷ್ಟು ದಿನ ಅವಕ್ಕೆ ನೀವು ಸರಿಯಾಗಿ ಕಂಡಿರಲಿಲ್ಲ ಕಣ್ರೀ” ಎಂದಳು. “ನೀವು ಹೆಣ್ಣು ನೋಡೋಕೆ ಬಂದಾಗ ನಮ್ಮನೇಲೂ ಕರೆಂಟ್ ಹೋಗಿತ್ತು.”

ಹಬ್ಬಕ್ಕೆ ಬಂದವರೆಲ್ಲ ಕೊಳದ ಸುತ್ತ ನಿಂತು, ಮೀನು ಎಣಿಸಿ ಹೊಗಳಿದರು. ಇಂಥ ಕೊಳ ಕಟ್ಟಿಸಿದ ಪುಣ್ಯಾತ್ಮ ಎಲ್ಲಿ ಎಂದೂ ಕೇಳಿದರಂತೆ. ಮೀನು ಕಾಣಲಿ ಎಂದು ಪುಣ್ಯಾತ್ಮ ಒಳಗಿದ್ದ.