ಅಕ್ಕೋರ ಕಾರು, ಜಿಗಿಯುವ ಹಿಂಗಾಲಿ

ಟಯರ್ ಅಂಗಡಿಗೆ ಜನ ಬರೀ ಪಂಕ್ಚರ್ ಹಾಕಿಸಲು ಬರುತ್ತಾರೆ ಅಂತ ನೀವು ತಿಳಿದಿದ್ದರೆ, ಒಂದು ದಿನ ಗದಗಿನ ಬೆಟಗೇರಿಗೆ ಬಂದು ನನ್ನ ಅಂಗಡಿ ಮುಂದೆ ಕುಳಿತು ನೋಡಬೇಕು. ಗಾಳಿ ತುಂಬಿಸಿಕೊಂಡು ಹೋದವನು ಮರುದಿನ ಬಂದು, "ನಿಮ್ಮ ಗಾಳಿ ಹುಬ್ಬಳ್ಳಿ ಗಾಳಿಗಿಂತ ಹಗರ ಐತಿ ಬಿಡ್ರಿ" ಅಂದಿದ್ದಾನೆ. ಹೊಸ ಟಯರ್ ಹಾಕಿಸಿದವನೊಬ್ಬ, "ಮಣ್ಣ ಹತ್ತತೈತಿ" ಅಂತ ಕಾರನ್ನು ಅಂಗಡಿಯಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋಗಿದ್ದಾನೆ. ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಇವನ್ನೆಲ್ಲ ಒಂದು ಕಡೆ ಇಟ್ಟು ತೂಗಿದರೂ ನಮ್ಮ ಅಕ್ಕೋರ ಒಂದು ಕಾರಿಗೆ ಸಮ ಆಗುವುದಿಲ್ಲ.

೧. ಕೆಂಪು ಕಾರು ಬಂತು

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಈ ಅಕ್ಕೋರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಮದುವೆ ಆಗಲಿಲ್ಲ, ಶಾಲೆಯೇ ಸಂಸಾರ. ನಿವೃತ್ತಿ ಆದಮೇಲೆ ಗದಗಿನಲ್ಲಿ ತಮ್ಮ ಪಾಡಿಗೆ ತಾವು ತುಳಸಿ ಗಿಡಕ್ಕೆ ನೀರು ಹಾಕಿಕೊಂಡು ಇದ್ದಾರೆ ಅಂತ ಊರೆಲ್ಲ ತಿಳಿದಿತ್ತು.

ಒಂದು ದಿನ ಅಂಗಡಿ ಮುಂದೆ ನೆಲಕ್ಕೆ ಅಂಟಿಕೊಂಡಂಥ ಕೆಂಪು ಕಾರು ಬಂದು ನಿಂತಿತು. ಎರಡೇ ಬಾಗಿಲು, ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಗಾಲಿಗೆ. ಒಳಗಿನಿಂದ ಕಾಟನ್ ಸೀರೆ ಸರಿಪಡಿಸಿಕೊಳ್ಳುತ್ತ ಇಳಿದವರು ಅಕ್ಕೋರು. ನಾನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎದ್ದು ನಿಂತೆ. ಅಭ್ಯಾಸ.

ಅದು ಅವರ ಅಣ್ಣನ ಮಗನ ಕಾರು. ಅವನ ಹೆಂಡತಿ ಅವಳಿ ಹೆತ್ತಳು. ಎರಡು ಕೂಸು, ಎರಡು ತೊಟ್ಟಿಲು, ಎರಡೇ ಬಾಗಿಲು. ಅವನು ಮಾರಲು ಹೊರಟಾಗ ಅಕ್ಕೋರು, "ಹೊರಗಿನವರಿಗೆ ಯಾಕ ಕೊಡ್ತಿ?" ಅಂತ ತಾವೇ ಕೊಂಡಿದ್ದರು.

"ನಿಂತಲ್ಲಿಂದ ಜೋರು ಬಿಟ್ಟರ ಹಿಂದಿನ ಗಾಲಿ ಜಿಗೀತಾವಲೇ. ಧಡಧಡಧಡ ಅಂತಾವು. ಇದನ್ನ ನಿಲ್ಲಸು. ಮುಂಡರಗ್ಯಾಗ ನಮ್ಮಣ್ಣ ಹಟ ಹಿಡದು ಕುಂತಾನ. ದೀಪಾವಳಿಯೊಳಗ ಇದು ನಿಲ್ಲಲಿಲ್ಲಂದ್ರ ಕೀಲಿ ಅವನ ಕೈಯಾಗ ಕೊಡಬೇಕಂತ, ಅವನು ಮಾರಿಬಿಡತಾನಂತ."

ನಾನು ಬಹಳ ಶಾಣ್ಯಾನಂತೆ, "ಅಕ್ಕೋರ, ಸಾವಕಾಶ ಬಿಡ್ರಿ, ಜಿಗಿಯೂದಿಲ್ಲ" ಅಂದೆ.

ಕನ್ನಡಕದ ಮೇಲಿನಿಂದ ನೋಡಿದರು. "ಸಾವಕಾಶ ಹೋಗೂದಿದ್ರ ಸರ್ಕಾರಿ ಬಸ್ಸಿನ್ಯಾಗ ಪುಕ್ಕಟ ಹೋಗ್ತಿದ್ದೆ. ಕಾರ್ ಯಾಕ ತಗೋತಿದ್ದೆ?"

೨. ಅಸುಂಡಿಯ ರೈತ

ಕಣ್ಣಾರೆ ನೋಡದೆ ರೋಗ ತಿಳಿಯುವುದಿಲ್ಲ ಅಂತ ಅಕ್ಕೋರ ಪಕ್ಕ ಕುಳಿತು ಅಸುಂಡಿ ಕಡೆ ಹೋದೆ. ಊರೊಳಗೆ ಅಕ್ಕೋರು ಬಹಳ ಶಿಸ್ತು. ಎಮ್ಮೆ ಅಡ್ಡ ಬಂದರೂ ಇಂಡಿಕೇಟರ್ ಹಾಕುತ್ತಾರೆ. ಊರು ದಾಟಿ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆ ಸಿಕ್ಕಾಗ ಕಾರು ನಿಲ್ಲಿಸಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಗಲೇ ನಾನು ಇಳಿಯಬೇಕಿತ್ತು.

ಆಕ್ಸಿಲರೇಟರ್ ಒತ್ತಿದ್ದೇ ತಡ, ಹಿಂದಿನ ಗಾಲಿ ರಸ್ತೆ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಹಿಡಿದಾಗೊಮ್ಮೆ ಕಾರಿನ ಹಿಂಭಾಗ ನೆಗೆಯುತ್ತದೆ, ಬಿಟ್ಟಾಗೊಮ್ಮೆ ಕುಕ್ಕರಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ. ನನ್ನ ತಲೆ ಛಾವಣಿಗೆ ಬಡಿಯಿತು. "ತಪ್ಪಾತ್ರಿ ಅಕ್ಕೋರ!" ಅಂತ ಬಾಯಿಂದ ತಾನಾಗಿ ಬಂತು. ಏನು ತಪ್ಪು ಅಂತ ನನಗೂ ಗೊತ್ತಿಲ್ಲ.

ಪಕ್ಕದ ಹೊಲದಲ್ಲಿ ಬೆಳೆಯ ಸಾಲಿನ ನಡುವೆ ಎಡೆ ಹೊಡೆಯುತ್ತಿದ್ದ ರೈತ ಎತ್ತು ನಿಲ್ಲಿಸಿ ನೋಡುತ್ತಿದ್ದ. ಕಾರು ನಿಂತಮೇಲೆ ಬದುವಿನ ತನಕ ಬಂದ, ಒಂದು ಸುತ್ತು ಹಾಕಿದ, ಹಿಂದಿನ ಗಾಲಿಯನ್ನು ಬಹಳ ಹೊತ್ತು ನೋಡಿದ.

"ಹೊಸಾ ಹೋರಿ ಇದ್ದಂಗ ಐತ್ರಿ ಬಾಯಾರ" ಅಂದ. "ಇನ್ನೂ ಮೂಗು ಚುಚ್ಚಿಸಿಲ್ಲೇನು?"

೩. ಲಕ್ಷ್ಮೇಶ್ವರದ ದೇವರ ದರ್ಶನ

ಆಗ ನನಗೆ ತೋಚಿದ್ದು ಒಂದೇ. ಟೆಂಪೊ ಖಾಲಿ ಇದ್ದಾಗ ಜಿಗಿಯುತ್ತದೆ, ಹೇರು ಇದ್ದಾಗ ಸುಮ್ಮನಿರುತ್ತದೆ. "ಅಕ್ಕೋರ, ಹಿಂದ ಸ್ವಲ್ಪ ಭಾರ ಇದ್ರ ನೋಡ್ರಿ" ಅಂದೆ. ಚೀಲದಲ್ಲಿ ಉಸುಕು ತುಂಬಿ ಇಡುತ್ತಾರೆ ಅಂದುಕೊಂಡಿದ್ದೆ.

ಮರುದಿನ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಕುಳಿತಿದ್ದರು. ಅಲ್ಲ, ತುರುಕಿಕೊಂಡಿದ್ದರು. ಒಬ್ಬರು ಗಣಿತದ ಅಕ್ಕೋರು, ಒಬ್ಬರು ಹಿಂದಿ ಅಕ್ಕೋರು. ಇಬ್ಬರೂ ಮೈಕೈ ತುಂಬಿಕೊಂಡವರು. ಮೊಣಕಾಲು ಗದ್ದಕ್ಕೆ ಹತ್ತಿತ್ತು. ಆದರೂ ಖುಷಿಯಾಗಿದ್ದರು. "ಲಕ್ಷ್ಮೇಶ್ವರಕ್ಕ ದೇವರ ದರ್ಶನಕ್ಕ ಕರಕೊಂಡು ಹೊಂಟಾಳ ನೋಡು, ಎಂಥಾ ಗೆಳತಿ!" ಅಂತ ಗಣಿತದ ಅಕ್ಕೋರು ನನ್ನ ಮುಂದೆ ಹೊಗಳಿದರು. ನಮ್ಮ ಅಕ್ಕೋರು ನನ್ನ ಕಡೆ ನೋಡಿ ಬಾಯಿ ಮೇಲೆ ಬೆರಳಿಟ್ಟರು.

ಮುಂದಿನದು ನನಗೆ ಹಿಂದಿ ಅಕ್ಕೋರೇ ಹೇಳಿದ್ದು. ಹೋಗುವಾಗ ಜಿಗಿತ ಸ್ವಲ್ಪ ಕಡಿಮೆ ಆಯಿತಂತೆ. ನಮ್ಮ ಅಕ್ಕೋರು ನಿಲ್ಲಿಸುವುದು, ಬಿಡುವುದು, ನಿಲ್ಲಿಸುವುದು, ಬಿಡುವುದು. "ಯಾಕವಾ ಹಿಂಗ?" ಅಂದರೆ, "ರಸ್ತಾ ಸರಿಯಿಲ್ಲ." ದರ್ಶನ ಆಯಿತು, ಪ್ರಸಾದ ಆಯಿತು. ಗಣಿತದ ಅಕ್ಕೋರಿಗೆ ಅದೇ ಊರಲ್ಲಿ ಮಗಳ ಮನೆ. "ನಾ ಇಲ್ಲೇ ಉಳಿತೀನಿ, ನೀವಿಬ್ಬರೂ ಹೋಗ್ರಿ" ಅಂದರು.

ನಮ್ಮ ಅಕ್ಕೋರಿಗೆ ತಡೆಯಲಾಗಲಿಲ್ಲ. "ನೀ ಇಳದ್ರ ಹಿಂದ ಹಗರ ಆಗತೈತಲ್ಲವಾ!"

ಗಣಿತದ ಅಕ್ಕೋರು ಲೆಕ್ಕ ಹಾಕಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಕುಂಕುಮದ ಪೊಟ್ಟಣ ಮಡಚಿ ಚೀಲದಲ್ಲಿ ಇಟ್ಟುಕೊಂಡರು. "ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನ್ಯಾಗ ಕುಂತು ಡಬ್ಬಿ ಹಂಚಿಕೊಂಡು ಉಂಡೀವಿ. ನಾ ಗೆಳತಿ ಅಂತ ತಿಳಕೊಂಡಿದ್ದೆ. ಉಸುಕಿನ ಚೀಲ ಅಂತ ಇವತ್ತ ಗೊತ್ತಾತು."

೪. ಶಿರಹಟ್ಟಿಯ ಓಟ

ಇಲ್ಲಿ ನನ್ನದೇ ಪರಾಕ್ರಮ ಇದೆ. ಫೋನಿನಲ್ಲಿ ವಿಡಿಯೊ ನೋಡಿದೆ. ದೊಡ್ಡ ದೊಡ್ಡ ಕಾರಿಗೆಲ್ಲ ಅಗಲವಾದ ಟಯರು, ಚಕ್ರದಿಂದ ನೆಲದ ತನಕ ಇರುವ ಅದರ ಪಕ್ಕದ ಗೋಡೆ ಗಿಡ್ಡ, ದೊಡ್ಡ ಚಕ್ರ. ನೋಡಲು ಕಣ್ಣಿಗೆ ಹಬ್ಬ. ಅಗಲ ಇದ್ದಷ್ಟೂ ಹಿಡಿತ, ಹಿಡಿತ ಇದ್ದಷ್ಟೂ ಜಿಗಿತ ಕಡಿಮೆ, ಅಂತ ನಾನೇ ಒಂದು ಸಿದ್ಧಾಂತ ಕಟ್ಟಿ, ತರಿಸಿ ಹಾಕಿದೆ. ಕಾರು ಮದುವಣಗಿತ್ತಿಯಂತೆ ಕಂಡಿತು. ಅಕ್ಕೋರು ಶಿರಹಟ್ಟಿಗೆ ಹೊರಟರು.

ಮೊದಲು ಜಿಗಿಯುತ್ತಿದ್ದ ಕಾರು ಈಗ ಕುಟ್ಟತೊಡಗಿತು. ಶಿರಹಟ್ಟಿ ಹತ್ತಿರ ತಪಾಸಣೆಗೆ ನಿಂತಿದ್ದ ಪೊಲೀಸಪ್ಪ ಕೈ ಮಾಡಿದ, ಕಾಗದ ನೋಡಿದ, ಹೋಗಿ ಅಂದ. ಅಕ್ಕೋರು ಕಾರು ಬಿಟ್ಟ ರಭಸಕ್ಕೆ ಹಿಂದಿನ ಗಾಲಿ ಎಷ್ಟು ಕುಟ್ಟಿತೆಂದರೆ, ಹಿಂದಿನ ನಂಬರ್ ಪ್ಲೇಟ್ ಕಳಚಿ ರಸ್ತೆಗೆ ಬಿತ್ತು. ಪೊಲೀಸಪ್ಪ ಅದನ್ನು ಎತ್ತಿಕೊಂಡು, "ಮೇಡಮ್, ಮೇಡಮ್" ಅಂತ ಬೆನ್ನು ಹತ್ತಿ ಓಡಿದ. ಒಂದು ಕೈಯಲ್ಲಿ ಟೊಪ್ಪಿಗೆ, ಒಂದು ಕೈಯಲ್ಲಿ ಪ್ಲೇಟು.

ಅಕ್ಕೋರು ಕನ್ನಡಿಯಲ್ಲಿ ಕಂಡು ನಿಲ್ಲಿಸಿದರು. ಅವನು ಏದುಸಿರು ಬಿಡುತ್ತ ಕಿಟಕಿಗೆ ಬಂದ. ಅಕ್ಕೋರು ಅವನ ಮುಖವನ್ನು ದಿಟ್ಟಿಸಿ ನೋಡಿದರು. ಮೀಸೆ ಬಂದಿದ್ದರೂ ಮುಖ ಮರೆಯುವವರಲ್ಲ.

"ನೀ ಹಿಂದಿನ ಬಾಕಿನ ಮ್ಯಾಲೆ ಕುಂಡ್ರತಿದ್ದಿ, ಹೌದಲ್ಲೋ?"

"ಹೌದ್ರಿ ಅಕ್ಕೋರ" ಅಂದ, ಎದೆ ಸೆಟೆಸಿ ನಿಂತು.

"ಆಟದ ಪಿರಿಯಡ್ಡಿಗೆಲ್ಲ ಹೊಟ್ಟಿನೋವು ಅಂತ ಗ್ವಾಡಿಗೆ ಆತು ಕುಂಡ್ರತಿದ್ದಿ" ಅಂತ ಅಕ್ಕೋರು ಪ್ಲೇಟು ತೆಗೆದುಕೊಂಡರು. "ಇವತ್ತ ಎಷ್ಟ ಛಲೋ ಓಡಿದೆಲ್ಲೋ!"

೫. ಕಡಕ್ ರೊಟ್ಟಿ

ಪ್ಲೇಟು ಹಿಡಿದುಕೊಂಡೇ ಅಂಗಡಿಗೆ ಬಂದರು. ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ನಾಳೆ ಓದಿಕೊಂಡು ಬಂದು ಹೇಳು" ಅಂದರು, ಅಷ್ಟೇ.

ಬೆಳಗಾವಿಯಲ್ಲಿ ನನ್ನ ಗೆಳೆಯನೊಬ್ಬ ರೇಸಿನ ಹುಡುಗರ ಕಾರುಗಳಿಗೆ ಟಯರ್ ಹಾಕುತ್ತಾನೆ. ಅವನಿಗೆ ಫೋನು ಹಚ್ಚಿದೆ. ಅವನು ಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ಬಿಡಿಸಿ ಹೇಳಿದ. ಮರುದಿನ ಅಕ್ಕೋರ ಮುಂದೆ ಕೈಕಟ್ಟಿ ನಿಂತೆ.

"ಅಕ್ಕೋರ, ಮದಲಿನ ಟಯರು ಗಾಳಿ ಹೋದ್ರೂ ಸ್ವಲ್ಪ ದೂರ ಓಡೋ ಜಾತಿವು. ಅದಕ್ಕಂತ ಅವುಗಳ ಪಕ್ಕದ ಗೋಡಿ ದಪ್ಪ, ಬಿರುಸು. ಮ್ಯಾಲೆ ಹಳೇವಾಗಿ ರಬ್ಬರೂ ಒಣಗಿತ್ತು. ನಾ ಹಾಕಿದ್ದು ಅದಕ್ಕಿಂತ ಗಿಡ್ಡ, ಅದಕ್ಕಿಂತ ಬಿರುಸು. ಗೋಡಿ ಬಿರುಸು ಇದ್ರ ಟಯರು ಮಣಿಯೂದಿಲ್ರಿ. ಎಂಜಿನ್ ಜಗ್ಗಿದ ಕೂಡ್ಲೇ ರಸ್ತಾ ಬಿಡತೈತಿ, ಮತ್ತ ಹಿಡೀತೈತಿ. ಆ ಪೆಟ್ಟು ಸೀದಾ ಕಾರಿಗೆ ಬರತೈತಿ."

"ಉಪಾಯ?"

"ಪಕ್ಕದ ಗೋಡಿ ಸ್ವಲ್ಪ ಎತ್ತರ, ಸ್ವಲ್ಪ ಮೆತ್ತಗ ಇರಬೇಕ್ರಿ. ನೆಲಕ್ಕ ಹತ್ತೋ ರಬ್ಬರೂ ಮೆತ್ತಂದು ಬೇಕು, ಒಮ್ಮೆ ಹಿಡದ್ರ ಬಿಡಬಾರದು. ಕಡಕ್ ರೊಟ್ಟಿ ಬಗ್ಗಿಸಿದ್ರ ಟಕ್ಕನ ಮುರೀತೈತಿ, ಬಿಸಿರೊಟ್ಟಿ ಮಡಚಿಕೋತೈತಿ. ನಮಗ ಬಿಸಿರೊಟ್ಟಿಯಂಥಾ ಟಯರು ಬೇಕು."

ಅಕ್ಕೋರು ತಲೆದೂಗಿದರು. "ಹತ್ತಕ್ಕ ಏಳು."

ನನಗೆ ಸಿಟ್ಟು ಬಂತು. ಶಾಲೆಯಲ್ಲಿ ಇಲ್ಲದ ಧೈರ್ಯ ಈಗ ಬಂದಿತ್ತು. "ಎಲ್ಲಾ ಬರೋಬರಿ ಹೇಳೀನಲ್ರಿ. ಮೂರು ಎಲ್ಲಿ ಹೋದ್ವು?"

"ಪ್ರಯೋಗ ಮದಲ ಮಾಡಿ, ಪಾಠ ಆಮ್ಯಾಲೆ ಓದಿದ್ದಕ್ಕ."

೬. ಮುಂಡರಗಿಯ ಪರೀಕ್ಷೆ

ಮೊದಲಿನ ಚಕ್ರಕ್ಕೇ ಅಂಥ ಮೆತ್ತನೆಯ ಹೊಸ ಟಯರು ಹಾಕಿ, ಅವುಗಳ ಮೇಲಿನ ಹೊಳಪು ಹೋಗುವ ತನಕ ಮೆಲ್ಲಗೆ ಓಡಿಸಿ, ದೀಪಾವಳಿಗೆ ಮುಂಚಿನ ಒಂದು ರವಿವಾರ ಮುಂಡರಗಿಗೆ ಹೊರಟೆವು. ಮುಂದಿನ ಸೀಟು ಅಕ್ಕೋರ ಅಣ್ಣನಿಗೆ ಅಂತ ನಾನು ಹಿಂದಿನ ಸೀಟಿನಲ್ಲಿ ಮಡಚಿಕೊಂಡಿದ್ದೆ. ಡಂಬಳ ದಾಟಿದ ಮೇಲೆ ಅಕ್ಕೋರು ಅಂದರು: "ರಿಟೈರ್ ಆದ ಮ್ಯಾಲೆ ಬೆಳಿಗ್ಗೆ ಎದ್ದು ಏನ ಮಾಡಬೇಕು ಅಂತ ತಿಳೀತಿರಲಿಲ್ಲಲೇ. ಈ ಕಾರ್ ಬಂದ ಮ್ಯಾಲೆ ಅಲಾರಾಂ ಇಲ್ದ ಎಚ್ಚರ ಆಗತೈತಿ." ಟಯರಿನ ಗಾಳಿ ಸರಿ ಇದೆಯೋ ಇಲ್ಲವೋ ಅನ್ನುವ ಒಂದೇ ಚಿಂತೆ ನನ್ನ ತಲೆಯಲ್ಲಿತ್ತು.

ಅಕ್ಕೋರ ಅಣ್ಣಾರು ಅರಳೆ ವ್ಯಾಪಾರ ಮಗನಿಗೆ ಬಿಟ್ಟುಕೊಟ್ಟು, ದಿನವಿಡೀ ಮನೆಯ ಕಟ್ಟೆ ಮೇಲೆ ಕೂರುವ ಹಿರಿಯರು. ಸ್ಕೂಟರ್ ಓಡಿಸುತ್ತಿದ್ದ ಕಾಲದಲ್ಲೂ ಸೈಕಲ್ಲಿನವರು ಅವರನ್ನು ದಾಟಿ ಹೋಗುತ್ತಿದ್ದರಂತೆ. ಧೋತರ ಸರಿಮಾಡಿಕೊಂಡು ಅಕ್ಕೋರ ಪಕ್ಕ ಕುಳಿತರು. ಒಂದು ಕೈ ಬಾಗಿಲಿಗೆ, ಒಂದು ಕೈ ತೊಡೆಗೆ. "ಒಮ್ಮೆ ಜಿಗಿದ್ರೂ ಕೀಲಿ ನಂದು" ಅಂದರು.

ಊರ ಹೊರಗೆ ಖಾಲಿ ರಸ್ತೆಯಲ್ಲಿ ಅಕ್ಕೋರು ನಿಲ್ಲಿಸಿದರು. ಉಸಿರು ಎಳೆದುಕೊಂಡರು. ಕಾಲು ಒತ್ತಿದರು.

ಧಡಧಡ ಇಲ್ಲ, ಕುಟ್ಟುವುದೂ ಇಲ್ಲ. ಹಿಂದಿನ ಗಾಲಿಗಳು ಸ್ವಲ್ಪ ಕುಗ್ಗಿ ನೆಲ ಹಿಡಿದವು, ಹಿಡಿದದ್ದನ್ನು ಬಿಡಲಿಲ್ಲ. ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗೆ ಕಾರು ಹೋಯಿತು. ಅಣ್ಣಾರು "ತಂಗೀ, ಸಾ..." ಅಂತ ಶುರು ಮಾಡಿದ್ದರು. "...ವಕಾಶ" ಅನ್ನುವಷ್ಟರಲ್ಲಿ ಆಲದ ಮರ ದಾಟಿ ಬಹಳ ದೂರ ಬಂದಿದ್ದೆವು.

ಮನೆಗೆ ಬಂದ ಕೂಡಲೇ ಅಣ್ಣಾರು ಬಾಗಿಲು ತೆಗೆದರು. ಇಳಿದರು. ಕಾರು ಸುತ್ತಿದರು. ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕೈ ಚಾಚಿದರು. "ಕೀಲಿ ಕೊಡು."

ಅಕ್ಕೋರ ಮುಖ ಸಣ್ಣದಾಯಿತು. "ಯಾಕಣ್ಣಾ? ಜಿಗೀಲಿಲ್ಲಲ್ಲಾ?"

"ಕೊಡು ಅಂದೆ."

ಕೊಟ್ಟರು. ಕಣ್ಣಲ್ಲಿ ನೀರು ಬಂದಿತ್ತು. ಅಣ್ಣಾರು ಧೋತರ ಎತ್ತಿ ಕಟ್ಟಿದರು, ಡ್ರೈವರ್ ಸೀಟಿನಲ್ಲಿ ಕುಳಿತರು, ಬಾಗಿಲು ಹಾಕಿಕೊಂಡರು. ನಾವು ಬಾಯಿ ತೆರೆಯುವ ಮೊದಲೇ ಕಾರು ಓಣಿ ತಿರುಗಿತ್ತು.

ಊಟ ಬಡಿಸಿದ್ದು ಆರಿತು. ವೈನಿಯವರು, ಅಂದರೆ ಅಣ್ಣಾರ ಹೆಂಡತಿ, ಹೊರಗೆ ಬಂದು ನೋಡಿದರು, ಒಳಗೆ ಹೋದರು, ಮತ್ತೆ ಬಂದರು. ಅಕ್ಕೋರು ಫೋನು ಮಾಡಿದರೆ ಅಣ್ಣನ ಫೋನು ಕಟ್ಟೆಯ ಮೇಲೇ ರಿಂಗಾಯಿತು. "ಗಿಡಕ್ಕರ ಬಡದಾನೇನು, ಹೊಲಕ್ಕರ ಇಳದಾನೇನು!" ಅಂತ ಅಕ್ಕೋರು ಓಣಿಯ ತುದಿತನಕ ಹೋಗಿ ನಿಂತರು. ನಾನು ಕಾಣದ ದೇವರಿಗೆಲ್ಲ ಕೈಮುಗಿದೆ.

ಹೊತ್ತು ಇಳಿಯುವಾಗ ಕಾರು ಮೆಲ್ಲಗೆ ಬಂದು ನಿಂತಿತು. ಅಣ್ಣಾರ ತಲೆಗೂದಲು ನೆಟ್ಟಗೆ ನಿಂತಿತ್ತು, ಮುಖ ಕಾಯಿಸಿದ ತಾಮ್ರದ ಹಾಗೆ ಹೊಳೆಯುತ್ತಿತ್ತು. ಕೀಲಿಯನ್ನು ತಂಗಿಯ ಕೈಯಲ್ಲಿಟ್ಟು, "ಇನ್ನ ಇದನ್ನ ಮಾರೂ ಮಾತು ತಗದ್ರ ನೋಡು" ಅಂದರು. ತೆಗೆದವರು ಯಾರು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ವೈನಿಯವರು ಸೊಂಟಕ್ಕೆ ಕೈಯಿಟ್ಟು ನಿಂತರು. "ಎಲ್ಲಿಗೆ ಹೋಗಿದ್ರಿ?"

"ಗದಗಿಗೆ. ಒಂದು ಚಾ ಕುಡದು ಬಂದೆ."

"ಯಾಕ್ರಿ, ಮನ್ಯಾಗ ಚಾ ಇರಲಿಲ್ಲೇನು?"

ಅಣ್ಣಾರು ಕಟ್ಟೆ ಮೇಲೆ ಕುಳಿತು, ಧೋತರದ ಧೂಳು ಝಾಡಿಸಿದರು.

"ಚಾ ಇತ್ತು. ರಸ್ತಾ ಇರಲಿಲ್ಲ."